ಟೋಸ್ಟ್ ಗ್ಲಾಸಿನಲ್ಲಿ ಏನಿರಬೇಕು? ಫಾದರ್‌ಗಳಿಗೂ ಪಾಸ್ಟರ್‌ಗಳಿಗೂ ಒಬ್ಬ ಅಡುಗೆಯವಳ ಪತ್ರ

ಕಾರವಾರ ಸೀಮೆಯ ಫಾದರ್‌ಗಳಿಗೆ, ಪಾಸ್ಟರ್‌ಗಳಿಗೆ, ಮತ್ತೆ ನಮ್ಮ ಮದುವೆಮನೆಗಳ ಹಿರಿಯರಿಗೆ,

ನಮಸ್ಕಾರ.

ಈಸ್ಟರ್ ಮುಗಿಯಿತು. ಇನ್ನು ಮಳೆ ಹಿಡಿಯುವ ತನಕ ನನಗೆ ಪುರುಸೊತ್ತಿಲ್ಲ. ಅದಕ್ಕೇ ಈಗಲೇ ಬರೆದು ಮುಗಿಸುತ್ತಿದ್ದೇನೆ. ನಾನು ಮದುವೆ ಅಡುಗೆ ಮಾಡಿಸುವವಳು. ಕಾರವಾರ, ಸದಾಶಿವಗಡ, ಅಂಕೋಲಾ, ಗಿರಾಕಿ ಗುರುತಿನವರಾದರೆ ಕುಮಟಾ ತನಕವೂ ಪಾತ್ರೆ ಹೇರಿಕೊಂಡು ಹೋಗುತ್ತೇನೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ನನ್ನ ಕೈಯ ಸೋರ್ಪೊತೆಲ್, ಅಂದರೆ ಹಂದಿಮಾಂಸದ ಖಾರದ ಅಡುಗೆ, ತಿನ್ನದ ಕಥೋಲಿಕ ಫಾದರ್ ಈ ಕಡೆ ಕಡಿಮೆ. ಪ್ರಾಟೆಸ್ಟಂಟ್ ಕೂಟಗಳ ಪಾಸ್ಟರ್‌ಗಳ ಮನೆಯ ನಾಮಕರಣಕ್ಕೂ ಬಿರಿಯಾನಿ ಕಳಿಸಿದ್ದೇನೆ. ಹಾಗಾಗಿ ಇಬ್ಬರ ಹತ್ತಿರವೂ ಮಾತಾಡುವ ಸಲಿಗೆ ಇದೆ ಅಂದುಕೊಂಡಿದ್ದೇನೆ. ಇಲ್ಲದಿದ್ದರೆ ಕ್ಷಮಿಸಿ.

ದೇವಶಾಸ್ತ್ರ ಕಲಿತವಳಲ್ಲ. ಬೈಬಲ್ ಓದುತ್ತೇನೆ, ಲೆಕ್ಕ ಬರುತ್ತದೆ. ಮದುವೆ ಮುಗಿದ ಮೇಲೆ ಗ್ಲಾಸ್ ತೊಳೆಯುವ ಜಾಗದಲ್ಲಿ ನಿಂತರೆ ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಅಂತ ಅರ್ಧ ಗೊತ್ತಾಗುತ್ತದೆ. ಕುಡಿಯದೆ ಸುಮ್ನೆ ಕೈಯಲ್ಲಿ ಹಿಡಿದು ನಿಂತವರ ಗ್ಲಾಸು, ಕುಂಡದ ಗಿಡಕ್ಕೆ ಸುರಿದವರ ಗ್ಲಾಸು, ಬೇರೆಯವರು ಬಿಟ್ಟಿದ್ದನ್ನೂ ಖಾಲಿ ಮಾಡಿದವರ ಗ್ಲಾಸು, ಎಲ್ಲ ಬೇರೆ ಬೇರೆ ಥರ ವಾಪಸ್ ಬರುತ್ತವೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಕುಡಿಯದವಳಲ್ಲ. ಕ್ರಿಸ್ಮಸ್‌ಗೆ ಒಂದು ಸಣ್ಣ ಗ್ಲಾಸ್ ವೈನ್, ಎಪ್ರಿಲ್‌ನಲ್ಲಿ ಗೋವಾದ ಸಂಬಂಧಿಕರ ಮನೆಗೆ ಹೋದಾಗ ಅರ್ಧ ಗ್ಲಾಸ್ ಉರ್ರಾಕ್, ಅಂದರೆ ಗೇರುಹಣ್ಣಿನ ಮೊದಲ ಭಟ್ಟಿಯ ಸಾರಾಯಿ. ಲಿಂಬು ಹಿಂಡಿ, ಉಪ್ಪು ಹಾಕಿ, ಹಸಿಮೆಣಸು ಸೀಳಿ ಬಿಟ್ಟರೆ ಅದರ ರುಚಿಯೇ ಬೇರೆ. ಇದನ್ನು ಬರೆಯುವಾಗಲೂ ಬಾಯಲ್ಲಿ ನೀರು ಬಂತು. ಹಾಗಾಗಿ ಈ ಪತ್ರ ಸಾರಾಯಿ ಅಂಗಡಿ ಮುಚ್ಚಿಸಿ ಅಂತ ಕೇಳುವ ಪತ್ರ ಅಲ್ಲ.

ಇದು ಟೋಸ್ಟ್ ಬಗ್ಗೆ. ನಮ್ಮ ಮದುವೆ ನೋಡದವರಿಗೆ ಹೇಳುತ್ತೇನೆ: ಇಗರ್ಜಿಯಲ್ಲಿ ಮದುವೆಯಾಗಿ ಹಾಲ್‌ಗೆ ಬಂದ ಮೇಲೆ ಕೇಕ್ ಕತ್ತರಿಸುತ್ತಾರೆ. ಆಮೇಲೆ ಹಿರಿಯರೊಬ್ಬರು ಮೈಕ್ ಹಿಡಿದು ಗಂಡು ಹೆಣ್ಣಿನ ಬಗ್ಗೆ ನಾಲ್ಕು ಒಳ್ಳೆ ಮಾತಾಡುತ್ತಾರೆ. ನಾಲ್ಕು ಅಂದೆ, ಕೆಲವರು ನಲವತ್ತು ಆಡುತ್ತಾರೆ, ಒಳಗೆ ನನ್ನ ಸಾನ್ನಾಂ (ಕಳ್ಳು ಹಾಕಿ ಉಬ್ಬಿಸಿದ ಇಡ್ಲಿ) ಆರಿ ಕಲ್ಲಾಗುತ್ತಿರುತ್ತವೆ. ಅಷ್ಟರಲ್ಲಿ ನಮ್ಮ ಹುಡುಗರು ಟ್ರೇ ಹಿಡಿದು ಎಲ್ಲರಿಗೂ ವೈನ್ ಕೊಟ್ಟಿರಬೇಕು. ಮಾತು ಮುಗಿದ ತಕ್ಷಣ ಎಲ್ಲ ಎದ್ದು ಗ್ಲಾಸ್ ಎತ್ತುತ್ತಾರೆ. ಅದರ ನಂತರ ಬಾರ್ ಕೌಂಟರ್ ತೆರೆಯುತ್ತದೆ, ಅಬಕಾರಿಯವರ ಒಂದು ದಿನದ ಪರವಾನಗಿ ತೆಗೆದಿದ್ದರೆ ಎದುರಿಗೆ, ಇಲ್ಲದಿದ್ದರೆ ಹಾಲ್‌ನ ಹಿಂದೆ, ಕಾರಿನ ಡಿಕ್ಕಿಯಲ್ಲಿ. ಡಿಕ್ಕಿಯ ಬಾಟಲಿಗಳು ಎಲ್ಲಿಂದ ಬಂದವು ಅಂತ ನಾನು ಕೇಳುವುದಿಲ್ಲ. ಗೋವಾ ಗಡಿಯ ಮಾಜಾಳಿ ಚೆಕ್‌ಪೋಸ್ಟ್‌ನವರು ಕೇಳಲಿ.

ನಮ್ಮಣ್ಣ ಬೈತಖೋಲ್ ಬಂದರಿನಿಂದ ಬೋಟಿಗೆ ಹೋಗುತ್ತಿದ್ದವನು. ಸಮುದ್ರದಲ್ಲಿ ಕುಡಿತ ಅಷ್ಟಿರಲಿಲ್ಲ. ಕಷ್ಟ ಶುರುವಾಗುತ್ತಿದ್ದದ್ದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟ್ ಇಳಿಸುವ ಹಾಗಿಲ್ಲವಲ್ಲ, ಆ 61 ದಿನ ಮನೆಯಲ್ಲಿ ಕೂತು ಮಾಡುವುದೇನು? ಮೊದಲು ಸಂಜೆಗೆ ಶುರುವಾಯಿತು. ಆಮೇಲೆ ಮಧ್ಯಾಹ್ನಕ್ಕೆ ಇಳಿಯಿತು. ಕೊನೆಗೆ ಬೆಳಿಗ್ಗೆ ಹಲ್ಲುಜ್ಜುವ ಮೊದಲು ಬೇಕೇಬೇಕು ಅನ್ನುವಲ್ಲಿಗೆ ಬಂತು. ಆಗಸ್ಟ್‌ನಲ್ಲಿ ಬೋಟ್ ಹೊರಟಾಗ ಅವನನ್ನು ಕರೆಯುವವರೇ ಇರಲಿಲ್ಲ.

ನಮ್ಮ ಚರ್ಚಿನಲ್ಲಿ ಇದರ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ಬೈಯಲಿಲ್ಲ, ಕರೆದು ಕೂರಿಸಿ ಮಾತಾಡಲೂ ಇಲ್ಲ. ‘ಬೆಬ್ದೊ’, ಅಂದರೆ ಕುಡುಕ, ಅಂತ ನಗುತ್ತಿದ್ದರು, ಅಷ್ಟೇ. ಅವನ ಕೈ ಹಿಡಿದು ಕರೆದುಕೊಂಡು ಹೋದದ್ದು ಒಂದು ಪ್ರಾರ್ಥನಾ ಕೂಟದವರು. ಅದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಅವರು ದಿನಾ ಸಂಜೆ ಮನೆಗೆ ಬಂದು ಅವನ ಪಕ್ಕ ಕೂರುತ್ತಿದ್ದರು. ಸಂಜೆಯಾದರೆ ಕುಡಿಯಬೇಕು ಅನ್ನಿಸುತ್ತದಲ್ಲ, ಆ ಹೊತ್ತಿಗೇ ಬರುತ್ತಿದ್ದರು. ಇದನ್ನು ಯಾರು ಅವರಿಗೆ ಹೇಳಿಕೊಟ್ಟರೋ, ದೊಡ್ಡ ಬುದ್ಧಿ ಅದು.

ಆದರೆ ಒಂದು ತಪ್ಪೂ ಆಯಿತು. ಪಾಸ್ಟರ್‌ಗಳು ಇದನ್ನು ದಯವಿಟ್ಟು ಗಮನವಿಟ್ಟು ಓದಬೇಕು. ಅವನು ಒಂದು ಭಾನುವಾರ ಎಲ್ಲರೆದುರು ಪ್ರಮಾಣ ಮಾಡಿ ಅವತ್ತೇ ಪೂರ್ತಿ ನಿಲ್ಲಿಸಿದ. ಮಾರನೇ ದಿನ ಕೈ ನಡುಗಲು ಶುರುವಾಯಿತು. ಮೂರನೇ ದಿನ ಮೈಯೆಲ್ಲ ಬೆವರು, ಗೋಡೆಯ ಮೇಲೆ ಇರುವೆ ಹರಿದಾಡುತ್ತಿವೆ ಅಂತ ಕೂಗಾಟ. ಕೂಟದವರು ದುರಾತ್ಮ ಹೊರಗೆ ಹೋಗುತ್ತಿದೆ ಅಂತ ಸುತ್ತ ನಿಂತು ಪ್ರಾರ್ಥನೆ ಮಾಡಿದರು. ನಾನು ರಿಕ್ಷಾ ತರಿಸಿ ಆಸ್ಪತ್ರೆಗೆ ಹೊತ್ತು ಹಾಕಿದೆ. ಡಾಕ್ಟರು ಮೊದಲು ಬಿ1 ವಿಟಮಿನ್, ಅಂದರೆ ಥಯಾಮಿನ್ ಇಂಜೆಕ್ಷನ್ ಕೊಟ್ಟರು, ಆಮೇಲೆ ಫಿಟ್ಸ್ ಬಾರದ ಹಾಗೆ ಮದ್ದು. ‘ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಒಮ್ಮೆಲೇ ಬಿಟ್ಟರೆ ಜೀವವೇ ಹೋಗಬಹುದಮ್ಮ, ಆಸ್ಪತ್ರೆಯಲ್ಲಿಟ್ಟೇ ಬಿಡಿಸಬೇಕು’ ಅಂದರು. ಪ್ರಾರ್ಥನೆ ಬೇಡ ಅನ್ನುತ್ತಿಲ್ಲ. ಆಸ್ಪತ್ರೆಯ ಮಂಚದ ಪಕ್ಕ ನಿಂತು ಮಾಡಿದರೂ ದೇವರಿಗೆ ಕೇಳುತ್ತದೆ ಅಲ್ವಾ?

ಹಾಗೆ ಬದುಕಿ ಬಂದ. ಹನ್ನೊಂದು ತಿಂಗಳು ಒಂದು ತೊಟ್ಟೂ ಮುಟ್ಟಲಿಲ್ಲ. ಮೈ ತುಂಬಿಕೊಂಡ. ಬಲೆ ಹೆಣೆಯುವ ಕೆಲಸ ಹಿಡಿದ, ಕೈ ನಡುಗದೆ ಹೆಣೆಯುತ್ತಿದ್ದ.

ಹನ್ನೆರಡನೇ ತಿಂಗಳಲ್ಲಿ ನನ್ನ ಮಗಳ ಮದುವೆ. ಅಡುಗೆ ನನ್ನದೇ. ಟ್ರೇಯಲ್ಲಿ ಗ್ಲಾಸ್ ಜೋಡಿಸಿ ಕಳಿಸಿದ್ದೂ ನಾನೇ. ಅಣ್ಣ ಹೊಸ ಶರ್ಟ್ ಹಾಕಿ ಎರಡನೇ ಸಾಲಿನಲ್ಲಿ ಕೂತಿದ್ದ. ಟ್ರೇ ಬಂದಾಗ ಬೇಡ ಅಂತ ಕೈ ಮಾಡಿದ. ಹುಡುಗ ಮುಂದೆ ಹೋದ. ಆಗ ನಮ್ಮ ಮಾವನೊಬ್ಬರು ಹುಡುಗನನ್ನು ವಾಪಸ್ ಕರೆದು, ಒಂದು ಗ್ಲಾಸ್ ತೆಗೆದು ಅಣ್ಣನ ಕೈಗೆ ತುರುಕಿದರು. ‘ಸೊಸೆಯ ಮದುವೆಗೆ ಗ್ಲಾಸ್ ಎತ್ತದವನು ಎಂಥ ಮಾವನೋ? ಕಾನಾ ಊರಿನಲ್ಲಿ ಏಸುಸ್ವಾಮಿಯೇ ಮಾಡಿ ಕೊಟ್ಟದ್ದು. ಒಂದು ಗುಟುಕು, ಅಷ್ಟೇ.’ ಸುತ್ತಲಿನವರು ನಕ್ಕರು. ಅಣ್ಣ ಕುಡಿದ. ಮಾವ ಅವನ ಬೆನ್ನು ತಟ್ಟಿ ಅಂದ ಮಾತು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನನಗೂ ಕೇಳಿಸಿತು: ‘ಹಾಂ, ಈಗ ಮತ್ತೆ ನಮ್ಮವನಾದೆ.’

ರಾತ್ರಿ ಹತ್ತಕ್ಕೆ ಅವನು ಕಾರಿನ ಡಿಕ್ಕಿಯ ಹತ್ತಿರ ಇದ್ದ.

ಮಾವನ ಮೇಲೆ ನನಗೆ ಈಗ ಸಿಟ್ಟಿಲ್ಲ. ಕೆಟ್ಟ ಮನುಷ್ಯರಲ್ಲ. ಆದರೆ ಅವರು ಕಾನಾ ಊರಿನ ಹೆಸರು ಹೇಳಿದ್ದರಿಂದ ನಾನು ಮನೆಗೆ ಬಂದು ಆ ಕತೆಯನ್ನು ಮತ್ತೆ ಓದಿದೆ. ಯೋಹಾನನ ಸುವಾರ್ತೆ, ಎರಡನೇ ಅಧ್ಯಾಯ, ಕಾನಾ ಊರಿನ ಮದುವೆಯಲ್ಲಿ ಏಸುಸ್ವಾಮಿ ನೀರನ್ನು ದ್ರಾಕ್ಷಾರಸ ಮಾಡಿದ ಕತೆ. ಫಾದರ್‌ಗಳೇ, ನೀವು ಇದರ ಮೇಲೆ ನೂರು ಪ್ರಸಂಗ ಮಾಡಿರುತ್ತೀರಿ. ಅಡುಗೆಯವಳ ಕಣ್ಣಿಗೆ ಅದು ಹೇಗೆ ಕಾಣುತ್ತದೆ ಅಂತ ಒಂದು ಸಲ ಕೇಳಿ.

ಆರು ಕಲ್ಲಿನ ಬಾನೆ, ಅಂದರೆ ನೀರಿನ ದೊಡ್ಡ ಪಾತ್ರೆ. ಒಂದೊಂದರಲ್ಲಿ ಎರಡು ಮೂರು ಅಳತೆ ಹಿಡಿಯುತ್ತದೆ ಅಂತ ಬರೆದಿದೆ. ಆ ಕಾಲದ ಒಂದು ಅಳತೆ ಸುಮಾರು 40 ಲೀಟರ್ ಅಂತೆ. ಅಂದರೆ ಒಂದು ಬಾನೆಗೆ 80ರಿಂದ 120 ಲೀಟರ್. ಆರಕ್ಕೆ 480ರಿಂದ 720. ಈಗಿನ ವೈನ್ ಬಾಟಲಿ 750 ಮಿಲಿ. ಕಡಿಮೆ ಹಿಡಿದರೂ 640 ಬಾಟಲಿ, ಜಾಸ್ತಿ ಹಿಡಿದರೆ 960! ನನ್ನ ಇಪ್ಪತ್ತೆರಡು ವರ್ಷದಲ್ಲಿ ಯಾವ ಮದುವೆಗೂ ಇಷ್ಟು ಆರ್ಡರ್ ಬಂದಿಲ್ಲ. ಆಗಿನ ಮದುವೆ ಒಂದು ದಿನದ್ದಲ್ಲ, ಸಂಸೋನನ ಮದುವೆ ಊಟ ಏಳು ದಿನ ನಡೆಯಿತು ಅಂತ ಬೈಬಲ್‌ನಲ್ಲೇ ಇದೆ. ಆದರೂ ಅದು ಸಣ್ಣ ಮೊತ್ತ ಅಲ್ಲ. ಅದು ಬರೀ ದ್ರಾಕ್ಷಿ ಜ್ಯೂಸು ಅಂತ ವಾದ ಮಾಡುವ ಪಾಸ್ಟರ್‌ಗಳಿಗೆ ಒಂದು ಮಾತು. ಅಲ್ಲಿನ ಔತಣದ ಮೇಲ್ವಿಚಾರಕ, ಅಂದರೆ ನನ್ನ ಕಸುಬಿನವನು, ಮದುಮಗನಿಗೆ ಏನು ಹೇಳುತ್ತಾನೆ ನೋಡಿ: ಎಲ್ಲರೂ ಒಳ್ಳೆಯದನ್ನು ಮೊದಲು ಕೊಟ್ಟು, ಜನಕ್ಕೆ ಮತ್ತೇರಿದ ಮೇಲೆ ಕಳಪೆಯದನ್ನು ಬಿಡುತ್ತಾರೆ, ನೀನು ಒಳ್ಳೆಯದನ್ನು ಕೊನೆಗೆ ಇಟ್ಟಿದ್ದೀಯಲ್ಲ ಅಂತ. ಜ್ಯೂಸ್ ಕುಡಿದವರಿಗೆ ಹೀಗೆ ಯಾರೂ ಹೇಳುವುದಿಲ್ಲ. ಆ ಮನುಷ್ಯನ ಮೇಲೆ ನನಗೆ ವಿಶೇಷ ಪ್ರೀತಿ. ಕಸುಬಿನ ಗುಟ್ಟನ್ನು ಎಷ್ಟು ಸಲೀಸಾಗಿ ಬಿಟ್ಟುಕೊಟ್ಟ!

ಆದರೆ ಆ ಕತೆ ಶುರುವಾಗುವುದು ಎಲ್ಲಿಂದ? ಮಾತೆ ಮರಿಯಮ್ಮ ಬಂದು ‘ಇವರಲ್ಲಿ ದ್ರಾಕ್ಷಾರಸ ಮುಗಿದಿದೆ’ ಅನ್ನುವಲ್ಲಿಂದ. ಕುಡಿಯಬೇಕು ಅನ್ನುವ ಆಸೆಯಿಂದ ಹೇಳಿದ್ದಲ್ಲ. ಮನೆಯವರ ಮರ್ಯಾದೆ ಹೋಗುತ್ತದೆ, ನಾಳೆಯಿಂದ ಊರವರು ಆಡಿಕೊಳ್ಳುತ್ತಾರೆ, ಅದಕ್ಕೆ. ಹೆಂಗಸಾದವಳು ಅಡುಗೆಮನೆ ಕಡೆಯಿಂದ ಅದನ್ನು ಮೊದಲು ನೋಡಿದಳು. ಮದುವೆಮನೆಯಲ್ಲಿ ಯಾರಿಗೂ ನಾಚಿಕೆ ಆಗಬಾರದು ಅಂತ ನಡೆದ ಪವಾಡ ಅದು. ಅದೇ ಪವಾಡದ ಹೆಸರು ಹೇಳಿ ಎರಡನೇ ಸಾಲಿನಲ್ಲಿ ಕೂತ ಒಬ್ಬನನ್ನು ನೂರು ಜನರೆದುರು ನಾಚಿಕೆಪಡಿಸಿ ಕುಡಿಸಿದರು. ಕಾನಾ ಊರಿನಲ್ಲಿ ಯಾರ ಕೈಗೂ ಯಾರೂ ಗ್ಲಾಸ್ ತುರುಕಿದ ಹಾಗೆ ಬರೆದಿಲ್ಲ.

ಇನ್ನು ‘ಮಿತವಾಗಿ ಕುಡಿದರೆ ತಪ್ಪಿಲ್ಲ’ ಅನ್ನುವ ಮಾತು. ಕಥೋಲಿಕ ಧರ್ಮೋಪದೇಶದ ಪುಸ್ತಕದ 2290ನೇ ಅಂಕದಲ್ಲಿ ಊಟ, ಮದ್ಯ, ತಂಬಾಕು, ಔಷಧಿ, ಯಾವುದರಲ್ಲೂ ಅತಿ ಬೇಡ ಅಂತಿದೆ. ಕುಡಿದ ಅಮಲಿನಲ್ಲಿ ಗಾಡಿ ಓಡಿಸಿ ತನ್ನ ಮತ್ತು ಇತರರ ಜೀವಕ್ಕೆ ಅಪಾಯ ತರುವುದು ಗಂಭೀರ ಅಪರಾಧ ಅಂತಲೂ ಇದೆ. 13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸ್ ಕೂಡ ದ್ರಾಕ್ಷಾರಸ ತನ್ನಷ್ಟಕ್ಕೆ ಪಾಪದ ವಸ್ತುವಲ್ಲ ಅಂತಲೇ ವಾದಿಸಿದರು, ಅಮಲೇರುವುದು ಪಾಪ ಅಂದರು. ಸರಿ. ನನ್ನದೂ ಅದೇ ನಂಬಿಕೆ. ಆದರೆ ಮಿತ ಅಂದರೆ ಎಷ್ಟು ಅಂತ ಅಳೆದು ನೋಡಿದ್ದೀರಾ?

ಬೈಬಲ್ ಕಾಲದಲ್ಲಿ ಭಟ್ಟಿ ಇಳಿಸಿದ ಸಾರಾಯಿ ಇರಲಿಲ್ಲ. ಹುಳಿಬಂದ ದ್ರಾಕ್ಷಿರಸದಂಥದ್ದು ಮಾತ್ರ. ಅದು ಎಷ್ಟು ಹುಳಿಬಂದರೂ ಸುಮಾರು 15 ಪರ್ಸೆಂಟ್ ದಾಟುವುದು ಕಷ್ಟ, ಯೀಸ್ಟ್ ತಾನೇ ಸತ್ತುಹೋಗುತ್ತದೆ. ಅದಕ್ಕೂ ನೀರು ಬೆರೆಸಿ ಕುಡಿಯುವ ರೂಢಿ ಇತ್ತು. ಕಥೋಲಿಕ ಬೈಬಲಿನ ಮಕ್ಕಬಿಯರ ಎರಡನೇ ಪುಸ್ತಕದ ಕೊನೆಯಲ್ಲಿ ಇದನ್ನು ಹೇಳಿಯೇ ಬರಹ ಮುಗಿಸುತ್ತಾರೆ, ಬರೀ ದ್ರಾಕ್ಷಾರಸ ಚೆನ್ನಾಗಿರುವುದಿಲ್ಲ, ನೀರು ಬೆರೆಸಿದರೇ ಸೊಗಸು ಅಂತ. ನಮ್ಮ ಹಾಲ್‌ಗಳಲ್ಲಿ ಓಡುವುದು 42.8 ಪರ್ಸೆಂಟಿನ ವಿಸ್ಕಿ. ಗೋವಾದ ಭಟ್ಟಿ ಸಾರಾಯಿ ಫೆನಿಯದ್ದೂ ಹೆಚ್ಚುಕಡಿಮೆ ಅಷ್ಟೇ. 60 ಮಿಲಿಯ ಒಂದು ದೊಡ್ಡ ಪೆಗ್‌ನಲ್ಲಿ ಇರುವ ಅಮಲು, 12 ಪರ್ಸೆಂಟ್ ವೈನಿನ 210 ಮಿಲಿಗೂ ಜಾಸ್ತಿ. ‘ನಾನು ಎರಡೇ ಪೆಗ್’ ಅನ್ನುವವರು ಹೆಚ್ಚುಕಡಿಮೆ ಅರ್ಧ ಬಾಟಲಿಗಿಂತ ಜಾಸ್ತಿ ವೈನ್ ಕುಡಿದ ಲೆಕ್ಕ. ಬೈಬಲಿನ ಪತ್ರಗಳನ್ನು ಬರೆದ ಸಂತ ಪೌಲನ ಕಾಲದ ‘ಸ್ವಲ್ಪ’ ಇದಾಗಿರಲಿಕ್ಕಿಲ್ಲ.

ಪೌಲ ಅಂದಾಗ ನೆನಪಾಯಿತು. ಶಿಷ್ಯ ತಿಮೊಥೆಯನಿಗೆ ಅವನು ಬರೆದ ಮಾತು, ಬರೀ ನೀರು ಕುಡಿಯಬೇಡ, ನಿನ್ನ ಹೊಟ್ಟೆಗೋಸ್ಕರ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಅಂತ. ನಮ್ಮಲ್ಲಿ ಬೈಬಲ್ ಮುಟ್ಟದವರಿಗೂ ಈ ಒಂದು ವಚನ ಬಾಯಿಪಾಠ. ಅವರ ಹೊಟ್ಟೆಗೆ ಏನೂ ತೊಂದರೆ ಇರುವುದಿಲ್ಲ, ಬಾರ್ ಕೌಂಟರ್ ತೆರೆಯುವ ತನಕ. ಒಂದು ವಿಷಯ ಯಾರೂ ಗಮನಿಸುವುದಿಲ್ಲ. ಹಾಗೆ ಬರೆಯಬೇಕಾಗಿ ಬಂತು ಅಂದರೆ ತಿಮೊಥೆಯ ಅಲ್ಲಿಯ ತನಕ ಕುಡಿಯುತ್ತಿರಲಿಲ್ಲ. ಅವನು ಕುಡಿಯದೆಯೇ ಸಭೆಯ ಹಿರಿಯನಾಗಿದ್ದ. ಅವನ ಬೆನ್ನು ತಟ್ಟಿ ‘ಈಗ ನಮ್ಮವನಾದೆ’ ಅಂತ ಯಾರೂ ಹೇಳಲಿಲ್ಲ.

(ವೈನ್ ಹೃದಯಕ್ಕೆ ಒಳ್ಳೆಯದು ಅನ್ನುವವರಿಗೆ ಇಲ್ಲೇ ಹೇಳಿಬಿಡುತ್ತೇನೆ, ನನಗೂ ಸೇರಿಸಿ. ಮದ್ಯ ಕ್ಯಾನ್ಸರ್ ತರುವ ವಸ್ತು ಅಂತ 1988ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಪಟ್ಟಿಗೆ ಸೇರಿಸಿದೆ. ಇಷ್ಟು ಕುಡಿದರೆ ಏನೂ ಆಗುವುದಿಲ್ಲ ಅನ್ನುವ ಅಳತೆಯೇ ಇಲ್ಲ ಅಂತ ಅದೇ ಸಂಸ್ಥೆ 2023ರಲ್ಲಿ ಹೇಳಿತು. ಕುಡಿಯುವುದಾದರೆ ಖುಷಿಗೆ ಅಂತಲೇ ಹೇಳಿ ಕುಡಿಯಿರಿ. ದ್ರಾಕ್ಷಾರಸ ಮನುಷ್ಯನ ಹೃದಯವನ್ನು ಸಂತೋಷಪಡಿಸುತ್ತದೆ ಅಂತ ಕೀರ್ತನೆ 104ರಲ್ಲಿದೆ. ಅದನ್ನು ಡಾಕ್ಟರ ಮಾತಿನ ಜೊತೆ ಬೆರೆಸಬೇಡಿ.)

ಫಾದರ್‌ಗಳೇ, ನಿಮಗೆ ಗೊತ್ತಿದ್ದೂ ಪೀಠದಿಂದ ಹೇಳದ ಒಂದು ವಿಷಯ ಇದೆ. ಇಗರ್ಜಿಯ ಬಲಿಪೂಜೆಗೆ (ಮಾಸ್‌ಗೆ) ದ್ರಾಕ್ಷಿಯಿಂದ ಮಾಡಿದ ನಿಜವಾದ ವೈನೇ ಬೇಕು, ಅದರಲ್ಲಿ ರಾಜಿ ಇಲ್ಲ. ಆದರೆ ಕುಡಿತದ ಕಾಯಿಲೆ ಇರುವ ಗುರುಗಳು ಮೇಲಿನವರ ಅನುಮತಿ ಪಡೆದು ಮುಸ್ತುಂ ಬಳಸಬಹುದು. ಹುಳಿಬರುವುದನ್ನು ತಡೆದು ನಿಲ್ಲಿಸಿದ, ಅಮಲು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಇರುವ ದ್ರಾಕ್ಷಿರಸ ಅದು. 2003ರಲ್ಲಿ ಕಾರ್ಡಿನಲ್ ರಾಟ್ಸಿಂಗರ್ ಸಹಿ ಹಾಕಿದ ಪತ್ರದಲ್ಲೇ ಇದು ಇದೆ. ಅವರೇ ಎರಡು ವರ್ಷದ ನಂತರ ಪೋಪ್ 16ನೇ ಬೆನೆಡಿಕ್ಟ್ ಆದರು. ನಿಯಮದ ವಿಷಯದಲ್ಲಿ ಅವರು ಎಷ್ಟು ಗಟ್ಟಿ ಅಂತ ನನಗಿಂತ ನಿಮಗೆ ಗೊತ್ತು. ಅಂಥವರೂ ಬಲಿಪೀಠದ ಮೇಲೆ ಕುಡಿಯಲಾಗದವನಿಗೆ ಒಂದು ಜಾಗ ಬಿಟ್ಟರು. ಬಲಿಪೀಠದ ಮೇಲೆ ಇರುವ ಜಾಗ ನಮ್ಮ ಮದುವೆ ಹಾಲ್‌ನಲ್ಲಿ ಯಾಕಿಲ್ಲ?

ಈಗ ಪಾಸ್ಟರ್‌ಗಳಿಗೆ.

ನೀವು ಕುಡಿಯುವುದಿಲ್ಲ, ಅದು ಸುಮ್ನೆ ಬಂದ ಹಟ ಅಲ್ಲ ಅಂತ ನನಗೆ ಗೊತ್ತು. ಜಾನ್ ವೆಸ್ಲಿ 1743ರಲ್ಲೇ ತನ್ನ ಜನರಿಗೆ ಭಟ್ಟಿ ಸಾರಾಯಿ ಮಾರಬೇಡಿ, ಕೊಳ್ಳಬೇಡಿ, ತೀರಾ ಅಗತ್ಯವಿಲ್ಲದೆ ಕುಡಿಯಬೇಡಿ ಅಂತ ನಿಯಮ ಮಾಡಿದರು. ಅಮೆರಿಕದಲ್ಲಿ ವೆಲ್ಚ್ ಅಂತ ಒಬ್ಬ ಹಲ್ಲಿನ ಡಾಕ್ಟರು, ಮೆಥಡಿಸ್ಟ್ ಸಭೆಯವರು, 1869ರಲ್ಲಿ ದ್ರಾಕ್ಷಿರಸವನ್ನು ಬಿಸಿ ಮಾಡಿ ಹುಳಿ ಬಾರದ ಹಾಗೆ ಬಾಟಲಿಗೆ ತುಂಬಿದರು, ಕರ್ತನ ಭೋಜನಕ್ಕೆ, ಅಂದರೆ ಏಸುವಿನ ನೆನಪಿಗೆ ಸಭೆಯಲ್ಲಿ ರೊಟ್ಟಿ, ದ್ರಾಕ್ಷಿರಸ ಹಂಚುವುದಕ್ಕೆ, ಅಮಲಿಲ್ಲದ ರಸ ಬೇಕು ಅಂತ. ನಿಮ್ಮ ಕೂಟಕ್ಕೆ ನಾನೇ ಒಂದು ಸಲ ಕಪ್ಪು ದ್ರಾಕ್ಷಿ ಕುದಿಸಿ, ಸೋಸಿ, ಎರಡು ಬಾಟಲಿ ಕಳಿಸಿದ್ದೆ. ಫ್ರಿಜ್‌ನಲ್ಲಿಡಿ ಅಂದಿದ್ದೆ, ಮರೆತರು. ಕಾರವಾರದ ಸೆಕೆಗೆ ಮೂರನೇ ದಿನ ಮುಚ್ಚಳ ಹಾರಿತು. ನಗು ಬಂತು, ಆದರೆ ಭಾನುವಾರ ಬೆಳಿಗ್ಗೆ ಐದಕ್ಕೆ ಎದ್ದು ಮತ್ತೆ ಮಾಡಿಕೊಟ್ಟೆ. ಬಿಟ್ಟವನ ನಾಲಿಗೆಗೆ ಒಂದು ತೊಟ್ಟು ತಾಗಿದರೂ ಏನಾಗುತ್ತದೆ ಅಂತ ನನಗೆ ಗೊತ್ತಿತ್ತು.

ಆದರೆ ಅಣ್ಣ ಜಾರಿಬಿದ್ದ ಮೇಲೆ ನಡೆದದ್ದನ್ನೂ ಹೇಳಬೇಕು. ಅವನು ಎರಡು ವಾರ ಮುಚ್ಚಿಟ್ಟ. ಆಮೇಲೆ ತಡೆಯಲಾಗದೆ ಹೋಗಿ ಹೇಳಿಕೊಂಡ. ಎಲ್ಲರೆದುರು ಎದ್ದು ನಿಲ್ಲಿಸಿದರು. ಮೂರು ತಿಂಗಳು ಹಿಂದಿನ ಬೆಂಚು, ಕರ್ತನ ಭೋಜನ ಇಲ್ಲ. ಸಂಜೆ ಮನೆಗೆ ಬರುತ್ತಿದ್ದವರು ಬರುವುದನ್ನು ನಿಲ್ಲಿಸಿದರು. ‘ಕುಡುಕರು ದೇವರ ರಾಜ್ಯಕ್ಕೆ ಸೇರುವುದಿಲ್ಲ’ ಅಂತ ಕೊರಿಂಥದವರಿಗೆ ಬರೆದ ಪತ್ರ ತೆಗೆದು ಓದಿದರಂತೆ. ಆ ವಚನವನ್ನು ನಾನೂ ತೆಗೆದು ನೋಡಿದೆ. ಕುಡುಕರ ಜೊತೆ ಅದೇ ಸಾಲಿನಲ್ಲಿ ದುರಾಸೆಯವರೂ ಇದ್ದಾರೆ, ಬೈಯುವವರೂ ಇದ್ದಾರೆ. ದುರಾಸೆಗೆ ಯಾರನ್ನಾದರೂ ಹಿಂದಿನ ಬೆಂಚಿಗೆ ಕಳಿಸಿದ್ದನ್ನು ನಾನು ನೋಡಿಲ್ಲ. ಅದರ ಮುಂದಿನ ವಚನದಲ್ಲೇ ಪೌಲ ಅನ್ನುತ್ತಾನೆ, ನಿಮ್ಮಲ್ಲೂ ಕೆಲವರು ಹಾಗೇ ಇದ್ದಿರಿ, ಈಗ ತೊಳೆದು ಶುದ್ಧರಾಗಿದ್ದೀರಿ ಅಂತ. ಓದುವವರು ಒಂದು ವಚನ ಮೊದಲೇ ನಿಲ್ಲಿಸಿದರು.

ಮತ್ತೆ, ಕುಡಿಯುವವರು ಯಾರೂ ಕ್ರೈಸ್ತರೇ ಅಲ್ಲ ಅನ್ನುವ ಮಾತು ನಿಮ್ಮ ಕಡೆ ಕೇಳಿಬರುತ್ತದೆ. ಸ್ನಾನಿಕ ಯೋಹಾನ ದ್ರಾಕ್ಷಾರಸ ಮುಟ್ಟಲಿಲ್ಲ, ಅವನಿಗೆ ದೆವ್ವ ಹಿಡಿದಿದೆ ಅಂದರು. ಏಸುಸ್ವಾಮಿ ಉಂಡರು, ಕುಡಿದರು, ಅವರನ್ನು ಹೊಟ್ಟೆಬಾಕ, ಕುಡುಕ ಅಂದರು. ಲೂಕನ ಸುವಾರ್ತೆಯಲ್ಲಿ ಇದನ್ನು ಸ್ವತಃ ಅವರೇ ಹೇಳುತ್ತಾರೆ. ನೀವು ಯೋಹಾನನ ದಾರಿ ಹಿಡಿದಿದ್ದೀರಿ, ಒಳ್ಳೆಯದು. ಆದರೆ ಇನ್ನೊಂದು ದಾರಿಯಲ್ಲಿ ನಡೆದವರು ಯಾರು ಅಂತ ನೆನಪಿರಲಿ.

ರೋಮದವರಿಗೆ ಬರೆದ ಪತ್ರದ 14ನೇ ಅಧ್ಯಾಯವನ್ನು ಎರಡೂ ಕಡೆಯವರು ಅರ್ಧರ್ಧ ಹಂಚಿಕೊಂಡ ಹಾಗೆ ನನಗೆ ಕಾಣುತ್ತದೆ. ಪಾಸ್ಟರ್‌ಗಳು 21ನೇ ವಚನ ಓದುತ್ತಾರೆ: ನಿನ್ನ ಸಹೋದರ ಎಡವುತ್ತಾನೆ ಅಂತಾದರೆ ಮಾಂಸ ತಿನ್ನದಿರುವುದು, ದ್ರಾಕ್ಷಾರಸ ಕುಡಿಯದಿರುವುದು ಒಳ್ಳೆಯದು. ಅದನ್ನು ಓದಬೇಕಾದವರು ನಾವು, ಟ್ರೇ ಹಿಡಿದವರು. ನಮ್ಮವರು ಮೂರನೇ ವಚನ ಹಿಡಿಯುತ್ತಾರೆ: ತಿನ್ನದವನು ತಿನ್ನುವವನಿಗೆ ತೀರ್ಪು ಹೇಳಬಾರದು. ಅದನ್ನು ಓದಬೇಕಾದವರು ನೀವು. ಅದೇ ವಚನದ ಮೊದಲ ಅರ್ಧ, ತಿನ್ನುವವನು ತಿನ್ನದವನನ್ನು ಹೀನಾಯವಾಗಿ ನೋಡಬಾರದು ಅನ್ನುವುದು, ನಮ್ಮ ಮಾವನಿಗೆ.

ಕಾನೂನು ಮಾಡಿದರೆ ಸರಿಹೋಗುತ್ತದೆ ಅನ್ನುವವರೂ ಇದ್ದಾರೆ. ನಮ್ಮ ಜಿಲ್ಲೆ 1956ರ ತನಕ ಬಾಂಬೆ ರಾಜ್ಯದಲ್ಲಿತ್ತು. 1949ರ ಪಾನನಿರೋಧ ಕಾಯ್ದೆ ಇಲ್ಲಿಗೂ ಬಂತು, ಪೂಜೆಯ ವೈನಿಗೆ ವಿನಾಯಿತಿ ಇತ್ತು. ಅತ್ತ ಪೋಳೆಂ ದಾಟಿದರೆ 1961ರ ತನಕ ಪೋರ್ಚುಗೀಸರ ಗೋವಾ. ಅಲ್ಲಿ ಯಾವ ನಿಷೇಧವೂ ಇಲ್ಲ. ಸಾನ್ನಾಂಗೆ ಕಳ್ಳು ಸಿಗುತ್ತಿರಲಿಲ್ಲ, ಆದರೆ ಗಂಡಸರಿಗೆ ಫೆನಿ ಹೇಗೋ ಸಿಗುತ್ತಿತ್ತು ಅಂತ ನಮ್ಮಜ್ಜಿ ಹೇಳುತ್ತಿದ್ದಳು. 2007ರ ಜುಲೈಯಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ ಸಾರಾಯಿ ಹೋಗಿ ಸಣ್ಣ ಪ್ಯಾಕ್ ವಿಸ್ಕಿ ಬಂತು, ಅಷ್ಟೇ. ಅದರ ಬಗ್ಗೆ ಜಾಸ್ತಿ ಹೇಳಲು ನನಗೆ ಮನಸ್ಸಿಲ್ಲ.

ಬರೀ ಪ್ರಮಾಣದಿಂದಲೂ ಆಗುವುದಿಲ್ಲ. ಐರ್ಲೆಂಡಿನ ಕಾರ್ಕ್ ಊರಿನಲ್ಲಿ ಫಾದರ್ ಮ್ಯಾಥ್ಯೂ ಅನ್ನುವ ಕಪುಚಿನ್ ಗುರು 1838ರಲ್ಲಿ ಶುರುಮಾಡಿ ಲಕ್ಷಗಟ್ಟಲೆ ಜನರಿಂದ ಕುಡಿಯುವುದಿಲ್ಲ ಅಂತ ಪ್ರಮಾಣ ಮಾಡಿಸಿದರು. ನಮ್ಮ ಕಥೋಲಿಕ ಗುರುವೇ, ನೋಡಿ. ಪೂರ್ತಿ ಬಿಡುವುದು ಬರೀ ಪಾಸ್ಟರ್‌ಗಳ ಸೊತ್ತಲ್ಲ. ಆದರೆ ಮುಂದೆ ದೊಡ್ಡ ಬರಗಾಲ ಬಂತು, ಅವರೂ ತೀರಿಕೊಂಡರು, ಆ ಚಳವಳಿ ಕುಗ್ಗಿತು. 1935ರಲ್ಲಿ ಅಮೆರಿಕದ ಅಕ್ರನ್‌ನಲ್ಲಿ ಇಬ್ಬರು ಕುಡುಕರು ಪರಸ್ಪರ ಕೂತು ಮಾತಾಡಿ ಶುರುಮಾಡಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಇವತ್ತಿಗೂ ಇದೆ. ಜಾರಿಬಿದ್ದವನು ವಾಪಸ್ ಬಂದರೆ ಅಲ್ಲಿ ಹಿಂದಿನ ಬೆಂಚಿಲ್ಲ. ಕುರ್ಚಿಗಳನ್ನು ಸುತ್ತ ಹಾಕಿರುತ್ತಾರೆ. ಅಣ್ಣ ಈಗ ಗುರುವಾರ ಗುರುವಾರ ಅಂಥ ಒಂದು ಕೂಟಕ್ಕೆ ಬಸ್ಸು ಹತ್ತಿ ಹೋಗುತ್ತಾನೆ. ಹದಿನಾಲ್ಕು ತಿಂಗಳಾಯಿತು. ಇಗರ್ಜಿಗೂ ಬರುವುದಿಲ್ಲ, ಪ್ರಾರ್ಥನಾ ಕೂಟಕ್ಕೂ ಹೋಗುವುದಿಲ್ಲ. ಮದುವೆಗಳಿಗಂತೂ ಇಲ್ಲ. ಕಳೆದ ಜನವರಿಯಲ್ಲಿ ನಮ್ಮ ಚಿಕ್ಕಮ್ಮನ ಮೊಮ್ಮಗನ ಮದುವೆ ದಿನ ಮನೆಯಲ್ಲೇ ಕೂತು ಬಲೆ ಹೆಣೆಯುತ್ತಿದ್ದ. ನಾನು ಡಬ್ಬಿಯಲ್ಲಿ ಊಟ ತಂದುಕೊಟ್ಟೆ.

ಮದುವೆಮನೆಯ ಹಿರಿಯರೇ, ನಮ್ಮ ಊರಿನಲ್ಲಿ ಒತ್ತಾಯ ಮಾಡಿ ಬಡಿಸುವುದೇ ಮರ್ಯಾದೆ, ನನಗೆ ಗೊತ್ತು. ಬೇಡ ಬೇಡ ಅಂದರೂ ಇನ್ನೊಂದು ಸೌಟು ಹಾಕಿದರೇ ಉಪಚಾರ. ಪಾಯಸಕ್ಕೆ ಮಾಡಿ. ಸೋರ್ಪೊತೆಲ್‌ಗೆ ಮಾಡಿ, ನನಗೆ ಖುಷಿ. ಗ್ಲಾಸಿಗೆ ಮಾಡಬೇಡಿ. ‘ಯಾಕೆ ಕುಡಿಯುವುದಿಲ್ಲ?’ ಅಂತಲೂ ಕೇಳಬೇಡಿ. ಡಾಕ್ಟರು ಬೇಡ ಅಂದಿರಬಹುದು, ಗಾಡಿ ಓಡಿಸಬೇಕಿರಬಹುದು, ಹರಕೆ ಇರಬಹುದು, ಅಥವಾ ಹನ್ನೊಂದು ತಿಂಗಳಾಗಿರಬಹುದು.

ಫಾದರ್‌ಗಳಲ್ಲಿ ನನ್ನ ಬೇಡಿಕೆ ಸಣ್ಣದು. ಮದುವೆಗೆ ಮೊದಲು ಹುಡುಗ ಹುಡುಗಿಯನ್ನು ಕೂರಿಸಿ ತರಬೇತಿ ಕೊಡುತ್ತೀರಲ್ಲ, ಅಲ್ಲಿ ಟೋಸ್ಟ್ ಬಗ್ಗೆ ಒಂದು ಮಾತು ಹೇಳಿ. ಹಾಲ್‌ನಲ್ಲಿ ನೀವು ಗ್ಲಾಸ್ ಎತ್ತುವಾಗ ಅಮಲಿಲ್ಲದ್ದನ್ನು ಎತ್ತಿ. ನೀವು ಎತ್ತಿದರೆ ಉಳಿದವರು ‘ಯಾಕೆ’ ಅಂತ ಕೇಳುವುದಿಲ್ಲ. ಪಾಸ್ಟರ್‌ಗಳು ನಮ್ಮ ಮದುವೆಗೆ ಬನ್ನಿ. ವೈನ್ ಇದೆ ಅಂತ ಹೊರಗೆ ನಿಲ್ಲಬೇಡಿ. ನೀವು ಪಕ್ಕ ಕೂತರೆ ನಮ್ಮಣ್ಣನಂಥವರಿಗೆ ಧೈರ್ಯ. ಜಾರಿದವನ ಮನೆಗೆ ಮೊದಲಿನ ಹಾಗೇ ಸಂಜೆ ಹೊತ್ತು ಹೋಗಿ.

ನನ್ನ ಕಡೆಯಿಂದ ಒಂದು ವ್ಯವಸ್ಥೆ ಮಾಡಿದ್ದೇನೆ. ಈಗ ಮುರುಗಲ (ಕೋಕಂ) ಹಣ್ಣಿನ ಕಾಲ. ಹಣ್ಣು ಒಡೆದು, ಬೀಜ ತೆಗೆದು, ಸಿಪ್ಪೆಗೆ ಸಕ್ಕರೆ ಬೆರೆಸಿ ಬಿಸಿಲಿಗಿಟ್ಟಿದ್ದೇನೆ. ನಾಲ್ಕು ಭರಣಿ ಆಗಿದೆ. ನೀರು ಸೇರಿಸಿ, ಚೂರು ಉಪ್ಪು ಹಾಕಿ ಅದೇ ಉದ್ದ ಕಾಲಿನ ಗ್ಲಾಸಿಗೆ ಹೊಯ್ದರೆ ಬಣ್ಣದಲ್ಲಿ ವೈನ್ ಯಾವುದು, ಮುರುಗಲು ಯಾವುದು ಅಂತ ನನಗೇ ಗೊತ್ತಾಗುವುದಿಲ್ಲ. ಅದಕ್ಕೇ ಎರಡನ್ನೂ ಒಂದೇ ಟ್ರೇಯಲ್ಲಿಡುವುದಿಲ್ಲ, ತಪ್ಪಿ ಬದಲಾದರೆ ಕಷ್ಟ. ಮುರುಗಲಿನ ಟ್ರೇಗೆ ಹಸಿರು ಬಟ್ಟೆ ಹಾಸಿರುತ್ತೇನೆ, ಹುಡುಗರಿಗೆ ಹೇಳಿಕೊಟ್ಟಿದ್ದೇನೆ. ಎಲ್ಲರಿಗೂ ಅದನ್ನೇ ಕೊಡಿ ಅಂದರೆ ಇನ್ನೂ ಸುಲಭ, ಒಂದೇ ಟ್ರೇ.

ಆರ್ಡರ್ ಕೊಡುವಾಗ ಹೇಳಿದರೆ ಸಾಕು. ಗ್ಲಾಸಿಗೆ ಬೇರೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಮೇ ತಿಂಗಳ ಕೊನೆಯ ಎರಡು ಭಾನುವಾರ ಮಾತ್ರ ಕೇಳಬೇಡಿ, ಆಗಲೇ ಬುಕ್ ಆಗಿವೆ.

ಇಂತಿ ನಿಮ್ಮ
ಒಬ್ಬ ಅಡುಗೆಯವಳು, ಕಾರವಾರ